ಕೀಲಿ ಹಾಕಿದ ಮನಿ, ಕೆಳಗ ನನ್ನ ಸಹಿ

ಒಂದು ಕಪ್ ಚಾ ಕುಡಿಸಿ, ನಾಕು ಒಳ್ಳೆ ಮಾತಾಡಿ, ಒಂದು ಮನಿತನದ ಕುರಿ ಹಿಂಡು ಕರಗಿಸಿದಾಕಿ ನಾನು. ತಮಾಷಿ ಮಾಡಾಕತ್ತಿಲ್ಲ. ಖರೇನ ಹೇಳಾಕತ್ತೇನಿ.

ಈ ಅಂಕಣ ಓದೋರಿಗೆ ನನ್ನ ಬಾಯಿ ಗೊತ್ತೈತಿ. ಮೂವತ್ತು ವರ್ಷ ಕನ್ನಡ ಸಾಲ್ಯಾಗ ಕಲಿಸಿ ನಾ ರಿಟೈರ್ ಆದೆ, ಅದು ಆಗಲಿಲ್ಲ. ಯಾರರ ಒಂದು ಪ್ರಶ್ನಿ ಕೇಳಿದ್ರ ಪೂರಾ ಪಾಠಾನ ಸುರು. (ನಮ್ಮ ಮನಿಯವ್ರು ನನಗ ಪ್ರಶ್ನಿ ಕೇಳೂದು ಬಿಟ್ಟು ಭಾಳ ವರ್ಷ ಆತು.) ಈ ಸಲ ಆ ಬಾಯಿ ಹೋಗಿ ಬೀರವ್ವಗ ಬಡೀತು.

ಬೀರವ್ವ ನಮ್ಮ ಮಗ್ಗಲ ಮನಿ ಯಮನಪ್ಪನ ಮಗಳು. ಕುರುಬರ ಮನಿತನ. ದೀಪಾವಳಿ ಮುಗದ ಮ್ಯಾಲ ಗಂಡ ಹೆಂಡತಿ ಮನಿಗೆ ಕೀಲಿ ಹಾಕಿ ಹಿಂಡಿನ ಬೆನ್ನ ಹತ್ತಿದ್ರ, ತಿರುಗಿ ಊರು ನೋಡೂದು ಮಳಿಗಾಲ ಹಿಡದ ಮ್ಯಾಲ. ಹುಡುಗಿ ಹೈಸ್ಕೂಲಿಗೆ ಬಂದಾಗ ಯಮನಪ್ಪ ನಮ್ಮ ಕಟ್ಟಿ ಕೆಳಗ ನಿಂತು, "ಇಕಿ ನಿಮ್ಮಲ್ಲೇ ಇರ್ಲಿ ಅಕ್ಕಾರ, ಹಿಂಡಿನ ಹಿಂದ ತಿರಗಿದ್ರ ಓದು ಆಗೂದಿಲ್ಲ" ಅಂದ. ಅವತ್ತಿನಿಂದ ಐದು ವರ್ಷ ಬೀರವ್ವ ನಮ್ಮ ಪಡಸಾಲ್ಯಾಗ ಓದಿದಳು, ಮಲಗಿದಳು, ನನಗಿಂತ ಚಲೋ ರೊಟ್ಟಿ ಬಡದಳು. ಸೈನ್ಸ್ ತಗೊಂಡು ಪಿಯುಸಿ ಪಾಸಾದಳು. ಆ ಮನಿತನದಾಗ ಅಷ್ಟು ಓದಿದ ಮೊದಲನೇ ಜೀವ ಅದು.

ಬಾಗಲಕೋಟ್ಯಾಗ ನರ್ಸಿಂಗ್ ಸೀಟು ಸಿಕ್ತು. ಒಂದ ಕಾಗದ ಬೇಕಿತ್ತು. ಜಾತಿ-ಆದಾಯ ಪತ್ರ. ಅದಿದ್ರ ಫೀ ಒಳಗ ದೊಡ್ಡ ಪಾಲು ಮಾಫಿ, ಹಾಸ್ಟೆಲ್ಲೂ ಸಿಗ್ತಿತ್ತು. ಇಲ್ಲಂದ್ರ ಎಲ್ಲಾ ಕೈಲೆ ತುಂಬಬೇಕು. ಹಿಂದ ಯಾರರ ತಗೊಂಡಿದ್ರ ಕಂಪ್ಯೂಟರದಾಗ ಹೆಸರು ಇರ್ತೈತಿ, ತಟ್ಟನ ಬರ್ತೈತಿ. ಯಮನಪ್ಪನ ಮನ್ಯಾಗ ಯಾರಿಗೂ ಇಲ್ಲೀತನಕ ಆ ಕಾಗದ ಬೇಕಾಗೇ ಇರ್ಲಿಲ್ಲ. ಕುರಿ ಕೇಳ್ತಾವೇನು ಸರ್ಟಿಫಿಕೇಟ್? ಹಿಂಗಾಗಿ ಊರಿಗೆ ಬಂದು ವಿಚಾರಣಿ ಮಾಡಬೇಕಾತು.

ಮೇ ತಿಂಗಳ ಮಧ್ಯಾಹ್ನ ತಲಾಠಿ ಬಂದ. (ಈಗ ಆ ಹುದ್ದಿಗೆ ಗ್ರಾಮ ಆಡಳಿತ ಅಧಿಕಾರಿ ಅಂತ ಉದ್ದನ್ನ ಹೆಸರು ಇಟ್ಟಾರ. ನಮ್ಮೂರ ಬಾಯಾಗ ಇನ್ನೂ ತಲಾಠೀನ.) ಸಣ್ಣ ವಯಸ್ಸಿನಾಂವ, ನಾಕು ಊರು ನೋಡ್ಕೋಬೇಕು, ಅಂಗಿ ಎಲ್ಲಾ ಬೆವತಿತ್ತು. ಯಮನಪ್ಪನ ಮನಿ ಕೀಲಿ ನೋಡಿ ನಮ್ಮ ಕಟ್ಟಿಗೆ ಬಂದು ಕುಂತ. ಬೀರವ್ವ ಅವತ್ತ ಊರಾಗ ಇರ್ಲಿಲ್ಲ. ಎಲ್ಲಿ ಹೋಗಿದ್ದಳು? ಚೊಳಚಗುಡ್ಡದ ಕಡೆ ಕುರಿ ಹಟ್ಟಿ ಹಾಕಿದ್ದ ಅಪ್ಪನ ಹತ್ರ, ಇದ ಕಾಲೇಜಿನ ಫಾರ್ಮಿಗೆ ಹೆಬ್ಬಟ್ಟು ಒತ್ತಿಸ್ಕೊಂಡು ಬರಾಕ.

ಚಾ ಕೊಟ್ಟೆ. ಕುಡಕೋತ ಕೇಳಿದ, "ಇವ್ರು ಖರೇನ ಕುರುಬರೇನ್ರಿ ಅಕ್ಕಾರ?"

ನನ್ನ ಕೇಳಬಾರದಿತ್ತು.

"ಏನಂತ ಕೇಳ್ತೀರಿ ಸಾಹೇಬ್ರ!" ಅಂತ ಸುರು ಮಾಡಿದೆ. "ಇವ್ರು ಕುರುಬರಲ್ಲ ಅಂದ್ರ ಈ ಸೀಮ್ಯಾಗ ಯಾರೂ ಕುರುಬರಲ್ಲ. ವರ್ಷದಾಗ ಎಂಟು ತಿಂಗಳು ಈ ಮನಿ ಕೀಲಿ ತಗಿಯೂದಿಲ್ಲ. ಇವತ್ತ ಈ ಹೊಲ, ನಾಳೆ ಆ ಹೊಲ. ಊಟ, ನಿದ್ದಿ, ಬಾಣಂತನ ಎಲ್ಲಾ ಕುರಿ ನಡುವ. ಈ ಹುಡುಗಿ ಹುಟ್ಟಿದ್ದೂ ಹಟ್ಟ್ಯಾಗ. ನೀವ ಹೇಳ್ರಿ, ಇದಕ್ಕಿಂತ ದೊಡ್ಡ ಪುರಾವಾ ಯಾವುದೈತಿ?"

ಅಂವ ತಲಿ ಆಡಿಸಿದ. ನನಗ ಎಂಥಾ ಹೆಮ್ಮಿ! ಒಳಗ ಹೋಗಿ ಅವಲಕ್ಕೀನೂ ತಂದುಕೊಟ್ಟೆ.

"ಭಾಳ ಚಲೋ ಆತ್ರಿ ಅಕ್ಕಾರ. ಸಾಕ್ಷಿಗೆ ಪಂಚರು ಅಂತ ಇಲ್ಲೊಂದು ಸಹಿ ಹಾಕ್ರಿ. ಬರಿಯೂದು ನಾ ಆಮ್ಯಾಲ ಬರಕೋತೇನಿ. ಬಸ್ಸಿಗೆ ಹೊತ್ತಾತು."

ನಮ್ಮ ಕಡೆ ಪಂಚನಾಮಿ ಅಂದ್ರ ಹಂಗ. ಮೊದಲ ಸಹಿ, ಬರವಣಿಗಿ ಆಮ್ಯಾಲ. ಖಾಲಿ ಹಾಳಿ ಕೆಳಗ ಪಂಚರು ಸಹಿ ಒಗದು, ಚಾ ಕುಡದು, ಅಡಿಕಿ ಹಾಕ್ಕೊಂಡು ಹೋಗ್ತಾರ. ಓದಿ ಮಾಡ್ತೇನಿ ಅಂದ್ರ ಸಾಹೇಬ್ರ ಮ್ಯಾಲ ನಂಬಿಗಿ ಇಲ್ಲದಂಗ ಅಂತ ಮಂದಿ ತಿಳ್ಕೋತಾರ. ನಾನೂ ಒಗದೆ. ದುಂಡನ್ನ ಅಕ್ಷರ, ಕೆಳಗೊಂದು ಗೆರಿ.

ಹತ್ತು ದಿನದ ಮ್ಯಾಲ ಫೋನಿಗೆ ಮೆಸೇಜ್ ಬಂತು. ಅರ್ಜಿ ತಿರಸ್ಕೃತ.

ಬೀರವ್ವನ್ನ ಕರಕೊಂಡು ಕಚೇರಿಗೆ ಹೋದೆ. (ಯಾವ ಕಚೇರಿ ಅಂತ ಬರಿಯೂದಿಲ್ಲ. ಹುಡುಗಿ ಇನ್ನೂ ಅಲ್ಲೇ ತಿರಗಬೇಕು.) ಅಲ್ಲಿ ಕ್ಲಾರ್ಕ್ ವರದಿ ತಗದು ಮುಂದ ಇಟ್ಟ. ನಾ ಚಶ್ಮಾ ಹುಡುಕೂದ್ರಾಗ ಬೀರವ್ವ ಓದಿಬಿಟ್ಟಳು.

"ಸದರಿ ಕುಟುಂಬವು ಗ್ರಾಮದಲ್ಲಿ ವಾಸವಿರುವುದಿಲ್ಲ. ವರ್ಷದ ಎಂಟು ತಿಂಗಳು ಪರಸ್ಥಳದಲ್ಲಿರುವುದಾಗಿ ನೆರೆಮನೆಯ ನಿವೃತ್ತ ಶಿಕ್ಷಕಿಯವರು ತಿಳಿಸಿರುತ್ತಾರೆ."

ಕೆಳಗ ದುಂಡನ್ನ ಸಹಿ. ಒಂದು ಗೆರಿ.

ಹುಡುಗಿ ಹಾಳಿಯಿಂದ ತಲಿ ಎತ್ತಿದಳು. "ನೀವು ಇದನ್ನ ಓದಲಿಲ್ಲೇನ್ರಿ ಅಕ್ಕಾರ?" ಅಂತ ಸಣ್ಣ ದನಿಲೆ ಕೇಳಿದಳು.

ಪ್ರಶ್ನಿ ಪೂರಾ ಓದದ ಉತ್ತರ ಬರದ್ರ ಇದ ಹುಡುಗಿ ಕಿವಿ ಹಿಂಡಿದಾಕಿ ನಾನು.

ಕ್ಲಾರ್ಕ್ ಜೋಡಿ ಜಗಳಾ ಮಾಡಿದೆ. ಜಗಳಾ ಬಿಟ್ಟು ಇನ್ನೇನು ಉಳಿದಿತ್ತು?

"ಕುರುಬರು ಕುರಿ ಕಾಯಾಕ ಹೋಗ್ದ ಎಲ್ಲಿ ಹೋಗ್ಬೇಕ್ರಿ?"

"ಹೋಗ್ಲಿ ಮೇಡಂ. ಎಲ್ಲಿ ಇರ್ತಾರೋ ಅಲ್ಲಿ ಅರ್ಜಿ ಹಾಕ್ಲಿ."

"ಈ ವಾರ ಬಾದಾಮಿ ಕಡೆ ಅದಾರ, ಮುಂದಿನ ವಾರ ತುಳಸಿಗೇರಿ ಕಡೆ. ಯಾವ ಹೊಲದ ಬದುವಿನ ಮ್ಯಾಲ ಕುಂತು ಹಾಕ್ಬೇಕು?"

"ಅದು ನಮಗ ಗೊತ್ತಿಲ್ರಿ."

"ಹುಡುಗಿ ಐದು ವರ್ಷದಿಂದ ನಮ್ಮ ಮನ್ಯಾಗ ಅದಾಳ. ಅದನ್ನರ ಬರೀರಿ."

"ನೀವು ಅಕಿಗೆ ಏನಾಗಬೇಕು?"

ಏನಾಗಬೇಕು ನಾನು? ಮಗ್ಗಲ ಮನಿಯಾಕಿ. ಆ ಕಂಪ್ಯೂಟರದಾಗ ಅದಕ್ಕ ಜಾಗಾ ಇರ್ಲಿಲ್ಲ. ಮತ್ತ ಅರ್ಜಿ ಹಾಕ್ರಿ, ಮತ್ತ ವಿಚಾರಣಿ ಆಗ್ತೈತಿ, ಹಳೇ ವರದಿ ಮ್ಯಾಲಿನ ಸಾಹೇಬ್ರು ರದ್ದು ಮಾಡಬೇಕು ಅಂದ. ಕಾಲೇಜಿನ ಕಡೀ ತಾರೀಖು ಆ ಶನಿವಾರಾನ ಇತ್ತು.

ತಲಾಠಿ ನನಗ ಫೋನಿನಾಗ ಸಿಕ್ಕ. ಒಂದು ಪೈಸಾ ಲಂಚ ಕೇಳಿದ್ದಿಲ್ಲ ಪಾಪ. ಕೇಳಿದ್ರ ಮನಸ್ಸು ಬಿಚ್ಚಿ ಬೈಬಹುದಿತ್ತು. "ನೀವು ಹೇಳಿದ್ದನ್ನ ಬರದೇನ್ರಿ ಅಕ್ಕಾರ, ಒಂದು ಅಕ್ಷರ ಸುಳ್ಳಿಲ್ಲ" ಅಂದ. ಖರೇನ ಇತ್ತು. ಮಾತು ಆಡಿದರ ಹೋತು, ಮುತ್ತು ಒಡದರ ಹೋತು ಅಂತ ಎಷ್ಟು ಸಲ ಬೋರ್ಡಿನ ಮ್ಯಾಲ ಬರದೀನೋ ಲೆಕ್ಕಿಲ್ಲ.

ಕಾಲೇಜಿನಾಗೂ ಕೇಳಿದ್ವಿ. "ಕಾಗದ ಇಲ್ಲಂದ್ರ ಪೂರಾ ಫೀ ತುಂಬ್ರಿ, ಸೀಟಿಗೆ ಹಿಂದ ಮಂದಿ ನಿಂತಾರ" ಅಂದ್ರು.

ನಾ ತುಂಬ್ತೇನಿ ಅಂದೆ. ಪೆನ್ಶನ್ ಬರ್ತೈತಿ, ತಪ್ಪೂ ನಂದ. ಹಿಂಡು ಬಿಟ್ಟು ಓಡಿ ಬಂದಿದ್ದ ಯಮನಪ್ಪ ಕೈ ಅಡ್ಡ ಹಿಡದ. "ಐದು ವರ್ಷ ನಿಮ್ಮನಿ ಜ್ವಾಳ ತಿಂದಾಳ್ರಿ. ಫೀನೂ ನೀವ ತುಂಬಿದ್ರ ನಾ ಅಪ್ಪ ಅಂತ ಯಾಕ ಇರ್ಬೇಕು?"

ಅಂವ ಹಿಂಡು ಮಾರಾಕ ಅಮೀನಗಡ ಸಂತಿಗೆ ಹೋದ. ಗಬ್ಬದ ಕುರೀನೂ ಬಿಡಲಿಲ್ಲ. ಹೊಟ್ಟ್ಯಾಗ ಮರಿ ಇರೂ ಕುರಿ ಹೊಡಕೊಂಡು ಸಂತಿಗೆ ಹೋದ ಕುರುಬನ್ನ ನಾ ಈ ಊರಾಗ ನೋಡಿದ್ದಿಲ್ಲ. ಅವನ ಹೆಂಡತಿ ಆ ದಿನ ಒಲಿ ಹಚ್ಚಲಿಲ್ಲ.

ಶನಿವಾರ ಫೀ ತುಂಬಿ ಬಂದು ನಮ್ಮ ಕಟ್ಟಿ ಮ್ಯಾಲ ಕುಂತ. "ಗಬ್ಬದ್ದು ಮಾರಬಾರದಂತಾರ್ರಿ ನಮ್ಮ ಹಿರ್ಯಾರು. ಮಾರಿದೆ. ನಮ್ಮ ದೇವ್ರು ಬೀರಪ್ಪ ತಿಳ್ಕೋತಾನ ಬಿಡ್ರಿ. ಅವನಿಗೇನು ಸರ್ಟಿಫಿಕೇಟ್ ತೋರಿಸಬೇಕಿಲ್ಲ" ಅಂದ. ನಗಾಕ ನೋಡಿದ. ಒಂದರ ಸಲ ಬೈದಿದ್ರ ನನ್ನ ಹೊಟ್ಟಿ ತಣ್ಣಗಾಗ್ತಿತ್ತು, ಅಂವ ಬೈಲಿಲ್ಲ.

ಉಳಿದ ಐದಾರು ಕುರಿ ತಮ್ಮನ ಹಿಂಡಿನಾಗ ಬಿಟ್ಟ. ಐದಾರು ಕುರಿ ಬೆನ್ನ ಹತ್ತಿ ಯಾರು ಊರೂರು ತಿರಗ್ತಾರ? ಈಗ ದಿನಾ ಮುಂಜಾನಿ ಇಳಕಲ್ ಬಸ್ ಹತ್ತಿ ಗ್ರಾನೈಟ್ ಕ್ವಾರಿಗೆ ಕೂಲಿಗೆ ಹೋಗ್ತಾನ. ಹೆಗಲ ಮ್ಯಾಲ ಕಂಬಳಿ ಇಲ್ಲದ ಯಮನಪ್ಪನ್ನ ದೂರದಿಂದ ನೋಡಿದ್ರ ಗುರುತ ಹತ್ತೂದಿಲ್ಲ.

ಮುಂದಿನ ವರ್ಷದ ಫೀಗರ ಆ ಕಾಗದ ಬೇಕಲ್ಲ? ಮತ್ತ ಅರ್ಜಿ ಹಾಕಿಸಿದೆ. ಹಳೇ ವರದಿ ರದ್ದಾಗೂದ್ರಾಗ ಮಳಿಗಾಲ ಹೋತು, ದೀಪಾವಳೀನೂ ಹೋತು. ಊರಾಗ ಉಳಿದ ಹಿಂಡೆಲ್ಲಾ ಹೊಂಟು ಹ್ವಾದುವು. ಆ ಓಣ್ಯಾಗ ಕೀಲಿ ಬೀಳದ ಕುರುಬರ ಮನಿ ಈ ಸಲ ಯಮನಪ್ಪಂದೊಂದ.

ಹೋದ ಆಯಿತವಾರ ಅದ ತಲಾಠಿ ಬಂದ. ಬಾಗಲಾ ತಗದಿತ್ತು. ಯಮನಪ್ಪ ಹೊರಸಿನ ಮ್ಯಾಲ ಕುಂತು ಕೈಗೆ ಆದ ಗಾಯಕ್ಕ ಅರಿವಿ ಸುತ್ತಾಕತ್ತಿದ್ದ. ಐದ ನಿಮಿಷದಾಗ ವಿಚಾರಣಿ ಮುಗೀತು. ಆಮ್ಯಾಲ ನನ್ನ ಕಡೆ ತಿರುಗಿ ಹಾಳಿ ಚಾಚಿದ. ನಾ ಚಾ ಕೊಡಲಿಲ್ಲ. ಚಶ್ಮಾ ಹಾಕ್ಕೊಂಡು, "ಮೊದಲ ಬರೀರಿ. ಓದಿ ಹಾಕ್ತೇನಿ" ಅಂದೆ. ಪಾಪ, ಬಿಸಲಾಗ ನಿಂತು ಬರದ.

ಜಾತಿ, ಕುರುಬ. ವಾಸ, ಖಾಯಂ. ಉದ್ಯೋಗ, ಕೂಲಿ.

ಎರಡೆರಡು ಸಲ ಓದಿದೆ. ಎಲ್ಲಾ ಖರೆ. ಸಹಿ ಹಾಕಿದೆ. ಇನ್ನ ಕಾಗದ ಬರ್ತೈತಿ, ಯಾವ ತ್ರಾಸೂ ಇಲ್ಲ ಅಂದ ತಲಾಠಿ.

ಮೂವತ್ತು ವರ್ಷ ಮಕ್ಕಳಿಗೆ "ಯಾರು ಕೇಳಿದ್ರೂ ಖರೇನ ಹೇಳ್ರಿ" ಅಂತ ಕಲಿಸಿದಾಕಿ ನಾನು. ಅವತ್ತ ಕಟ್ಟಿ ಮ್ಯಾಲ ಕುಂತು, "ಇವ್ರು ಊರು ಬಿಟ್ಟು ಎಲ್ಲೂ ಹೋಗೂದಿಲ್ರಿ ಸಾಹೇಬ್ರ" ಅಂತ ಒಂದ ಒಂದು ಸುಳ್ಳು ಹೇಳಿದ್ರ ನಂದೇನು ಹೋಗ್ತಿತ್ರಿ?