ಮಂಗಳದಾಗ ಮಂದಿಯ ಹೆಸರು

ನನಗ ನಾಟಕದಾಕಿ ಅಂತಾರ. ಅನ್ಲಿ. ಆ ಮಾತಿಗೆ ನಾ ಎಂದೂ ನೊಂದಾಕಿ ಅಲ್ಲ, ಆ ಕಸಬಿನ್ಯಾಗೇ ನನ್ನ ಹೊಟ್ಟಿ ತುಂಬ್ಯಾದ. ನಾಟಕ ಬರೆದಾಕಿ ಅಂತ ಮಾತ್ರ ಒಬ್ಬ ಮಗನೂ ಅನ್ಲಿಲ್ಲ. ಆ ಸಿಟ್ಟು ಇನ್ನೂ ಇಳದಿಲ್ಲ, ಇಳಿಸ್ಕೊಳ್ಳೋ ಮನಸೂ ನನಗಿಲ್ಲ.

ಎಪ್ಪತ್ತನೇ ಇಸವಿ ಆಚೀಚಿ ನಾ ಹರೇದಾಕಿ. ಆಗ ಆಳಂದ, ಅಫಜಲಪುರ, ಜೇವರ್ಗಿ ಕಡಿ ಹಳ್ಳಿಗಳಾಗ ತೊಗರಿ ರಾಶಿ ಮುಗೀತಂದ್ರ ಗಂಡಸರಿಗೆ ನಾಟಕದ ಹುಚ್ಚು ಹಿಡೀತಿತ್ತು. ತಿಂಗಳುಗಟ್ಟಲೆ ತಾಲೀಮು ನಡಸಾವ್ರು. ಗಂಡು ಪಾತ್ರ ಎಲ್ಲಾ ಊರಾವ್ರೇ. ಹೆಣ್ಣು ಪಾತ್ರಕ್ಕ ಮಾತ್ರ ನಮ್ಮಂಥಾವ್ರನ್ನ ಹೊರಗಿಂದ ಕರಸಾವ್ರು. ತಮ್ಮ ಅಕ್ಕತಂಗೇರು ಬಣ್ಣ ಹಚ್ಚಿದ್ರ ಮರ್ಯಾದಿ ಹೋಗ್ತದಲ್ಲ! ನಾವು ಹಚ್ಚಿದ್ರ ಹೋಗಂಗಿಲ್ಲ, ನಮಗ ಅದು ಇದ್ರ ತಾನೇ ಹೋಗೋದು. ಆಟದ ಹಿಂದಿನ ದಿನ ನಾ ಟ್ರಂಕು ಹಿಡಕೊಂಡು ಬಸ್ ಇಳೀತಿದ್ದೆ. ರಂಗದ ಮ್ಯಾಲ 'ಹಡದವ್ವಾ' ಅಂತ ನನ್ನ ಕಾಲಿಗೆ ಬಿದ್ದ ಗೌಡರ ಮಗ, ಮರುದಿನ ಮುಂಜಾನಿ ನಾ ಕುಡಿಯಾಕ ನೀರು ಕೇಳಿದ್ರ ಚರಗಿ ಮುಟ್ಟಿಸದೇ ಮ್ಯಾಲಿಂದ ಬೊಗಸಿಗೆ ಹೊಯ್ಯಾಂವ.

ಇಂಥಾವ್ರ ಬಾಯಾಗ ಮಾತು ಇಟ್ಟೂ ಇಟ್ಟೂ ನಾ ಬರಿಯೋದು ಕಲ್ತೆ. ಹ್ಯಾಂಗಂದ್ರ, ತಾಲೀಮಿನ್ಯಾಗ ಹುಲಿ ಇದ್ದಾವ್ರು ಪರದೆ ಎದ್ದ ಕೂಡ್ಲೆ ಇಲಿ ಆಗಾವ್ರು. ಪರದೆ ಹಿಂದ ನಿಂತು ಮಾತು ಎತ್ತಿಕೊಡಾಂವ ಎಷ್ಟು ಒದರಿದ್ರೂ ಅವರ ಕಿವಿಗೆ ಬೀಳ್ತಿರಲಿಲ್ಲ. ಅಂಥಾ ಹೊತ್ತಿನ್ಯಾಗ ಅವರ ಮಾತು ನಾನೇ ಪ್ರಶ್ನಿ ಮಾಡಿ ಕೇಳ್ತಿದ್ದೆ. ಅಫಜಲಪುರ ಕಡಿ ಒಂದೂರಾಗ ಹೀರೋ, ಮೀಸಿ ನೋಡಿದ್ರ ಗೇಣುದ್ದ, ನನ್ನ ಮುಂದ ಬಂದು ಗಪ್ಪನ ನಿಂತ. "ಯಾಕ ಸುಮ್ಮನಾದ್ರಿ? ನಿಮ್ಮಪ್ಪ ಮನಿಂದ ಹೊರಗ ಹಾಕಿದ್ರೂ ನನ್ನ ಕೈ ಬಿಡಂಗಿಲ್ಲ ಅಂತ ಹೇಳಾಕ ಬಂದೀರಿ, ಹೌದಿಲ್ರಿ?" ಅಂದೆ. "ಹೌದು!" ಅಂತ ಗುಡುಗಿದ. ಮಂದಿ ಶಿಟ್ಟಿ ಹೊಡದದ್ದೇ ಹೊಡದದ್ದು. ಅವನ ಮಾವ ಆಟ ನಿಲ್ಲಿಸಿ, ಮೈಕಿನ್ಯಾಗ ಹೆಸರು ಹೇಳಿಸಿ, ಅಳಿಯಗ ಅಂಗಿ ಅರಬಿ ಆಯೇರಿ ಕೊಟ್ಟ. ನನಗೇನು? ನಾ ಬರೇ ಕೇಳಿದಾಕಿ.

ಹಿಂಗ ಎರಡೂ ಕಡಿ ಮಾತು ಒಬ್ಬಾಕೀನೇ ಕಟ್ಟಿ ಕಟ್ಟಿ ರೂಢಿ ಆಗಿ, ಆಳಂದದ ನನ್ನ ಬಾಡಿಗಿ ಖೋಲ್ಯಾಗ ಕುಂತು ಒಂದು ಪೂರಾ ನಾಟಕ ಬರದೆ. ಶಾಲಿ ಸಣ್ಣಾಕಿದ್ದಾಗೇ ಬಿಟ್ಟೇನಿ, ಅಕ್ಷರ ಕೋಳಿ ಕೆದರಿದಂಗ. ಆದ್ರ ಮಾತು ನನ್ನವು. ಕಥಿ ಇಷ್ಟೇ: ಅವ್ವ ಅಪ್ಪ ಸತ್ತಮ್ಯಾಲ ತಮ್ಮಂದಿರನ್ನ ಸಾಕಿದ ಒಬ್ಬ ಅಕ್ಕ. ತಮ್ಮಂದಿರು ದೊಡ್ಡವರಾಗಿ ಪಾಲಿಗೆ ಕುಂತಾಗ ಆಕಿನ್ನ ಲೆಕ್ಕಕ್ಕೇ ಹಿಡಿಯಂಗಿಲ್ಲ. ಆಕಿ ಎದ್ದು ಹೊಸ್ತಿಲ ಮ್ಯಾಲ ನಿಂತು, "ಹೊಲ ಬ್ಯಾಡ, ಮನಿ ಬ್ಯಾಡ, ಈ ಬಾಗಿಲ ಒಂದು ನನ್ನ ಪಾಲಿಗೆ ಬಿಡ್ರಿ. ಒಳಗ ಹೊರಗ ಅಡ್ಡಾಡುವಾಗ ನನ್ನ ಮಾರಿ ನೋಡೇ ಹೋಗ್ರಿ" ಅಂತಾಳ. ಆಗಿನ ನಾಟಕದಾಗ ಹೆಂಗಸರಿಗೆ ಎರಡೇ ಕೆಲಸ, ಅಳೋದು, ಇಲ್ಲಾ ಸಾಯೋದು. ನನ್ನ ಅಕ್ಕ ಎರಡೂ ಮಾಡಂಗಿಲ್ಲ.

ಅದನ್ನ ತಗೊಂಡು ಅಫಜಲಪುರದ ಪೇಟಿ ಮಾಸ್ತರನ ಹಂತ್ಯಾಕ ಹೋದೆ. ಹಾರ್ಮೋನಿಯಂ ಬಾರಿಸಾಂವ, ಹಳ್ಳಿ ಹಳ್ಳಿಗೆ ಹೋಗಿ ನಾಟಕ ಕಲಿಸಾಂವ. ನನಗ ರಾಗ ಕಲಿಸಿದಾಂವನೂ ಅವನೇ. ಎದುರಿಗೆ ಮಾಸ್ತರ್ರ ಅಂತಿದ್ದೆ, ಈಗ ಆ ಮರ್ಯಾದಿ ಕೊಡಾಕ ನನ್ನ ಕೈಲಿ ಆಗಂಗಿಲ್ಲ.

ನಮ್ಮ ಕಡಿ ನಾಟಕದ ಕವಿ ಯಾರು ಅನ್ನಾಕ ಒಂದೇ ಸಾಕ್ಷಿ: ಕಡೀಕ ಎಲ್ಲಾರೂ ಕೂಡಿ ಹಾಡೋ ಮಂಗಳ. ಅದರ ಕೊನೇ ನುಡ್ಯಾಗ ಕವಿಯ ಹೆಸರು, ಊರು ಬರ್ತಾವ. ಅದಕ್ಕ ಅಂಕಿತ ಅಂತಾರ. ಒಮ್ಮೆ ಬಿದ್ದ ಅಂಕಿತ ತಗದ್ರ ಕವಿಯ ನಾಲಗಿ ಕೊಯ್ದ ಪಾಪ ಬರ್ತದಂತ. ನಾ ನನ್ನ ಹೆಸರು ಹಾಕಿದ್ದೆ, ಊರ ಸಮೇತ. ಮಾಸ್ತರ ಪೂರಾ ಓದಿ, "ಭೇಷಿ ಆಗ್ಯಾದ ಬೇ" ಅಂದ. ನನಗ ಆಕಾಶ ಮೂರೇ ಗೇಣು ಉಳದಿತ್ತು. ಆಮ್ಯಾಲ ಗಂಟಲ ಸರಿ ಮಾಡ್ಕೊಂಡು, "ಖರೇ, ಪಾತ್ರದಾಕಿ ಬರದಾಳಂದ್ರ ಯಾವ ಗೌಡ ಆಡಿಸ್ತಾನ? ಮೊದಲನೇ ಆಟಕ್ಕ ನನ್ನ ಅಂಕಿತ ಇರ್ಲಿ. ನಾಟಕ ಗೆದ್ದು ನಿಂತಿತಂದ್ರ ನಾನೇ ಮೈಕು ಹಿಡದು ನಿನ್ನ ಹೆಸರು ಹೇಳ್ತೇನಿ" ಅಂದ.

"ಬಿದ್ದ ಅಂಕಿತ ತಗೀಬಾರದಂತಾರಲ್ರಿ, ಮಾಸ್ತರ್ರ?"

"ಹಾಕಿಸ್ಕೊಂಡಾಂವನೇ ತಗದ್ರ ಪಾಪ ಎಲ್ಲೀದು?"

ನಂಬಿದೆ. ಅವನ ಹೆಸರು ನನ್ನ ಹೆಸರಿಗಿಂತ ಗಿಡ್ಡ, ತಾಳಕ್ಕ ಕಡಿಮಿ ಬಿತ್ತು. ಅದನ್ನ ತುಂಬಾಕ ಮುಂದ 'ಗುರು' ಅಂತ ನಾನೇ ಸೇರಿಸಿದೆ. ಅವನ ಬಾಯಾಗ ಮಣ್ಣ ಹಾಕ, ಗುರು ಅಂತ ಗುರು!

ನಾಟಕ ಗೆದ್ದು ನಿಂತಿತು. ಮೊದಲನೇ ಆಟ ಮುಗದಾಗ ಮಾಸ್ತರ ಮೈಕು ಹಿಡದದ್ದೂ ಖರೇ. ನಾ ಪರದೆ ಬಾಜೂಕ ಎದಿ ಮ್ಯಾಲ ಕೈ ಇಟ್ಕೊಂಡು ನಿಂತಿದ್ದೆ. ಗೌಡರಿಗೆ ಶರಣು ಹೇಳಿದ, ಪೆಂಡಾಲದಾಂವಗ ಹೇಳಿದ, ಲೈಟಿನಾಂವಗ ಹೇಳಿದ, ಚಹಾ ಕಾಸಿದಾಂವಗ ಸೈತ ಹೇಳಿದ. ಮೈಕು ಕೆಳಗ ಇಟ್ಟ.

ಆಮ್ಯಾಲ ಆ ನಾಟಕ ಯಡ್ರಾಮಿ ಕಡಿಂದ ಹಿಡದು ಆಳಂದದ ಆಚಿ ಮಹಾರಾಷ್ಟ್ರದ ಗಡಿ ತನಕ ಓಡ್ಯಾಡಿತು. ಬಾಗಿಲ ಮಾತು ಬಂತಂದ್ರ ಹೆಂಗಸರು ಸೆರಗು ಬಾಯಿಗೆ ಹಿಡಕೊಂಡು ಕುಂದ್ರಾವ್ರು. ಮಾಸ್ತರ ಹೋಗಿ 'ಕವಿಗಳು' ಆದ, ಹೋದಲ್ಲೆಲ್ಲಾ ಶಲ್ಯ ಹೊದ್ದ. ನಾ ಕೇಳಿದಾಗೊಮ್ಮೆ "ಈ ಸುಗ್ಗಿ ಹೋಗ್ಲಿ", "ಮುಂದಿನ ಊರಾಗ ನೋಡೋಣು" ಅನ್ನಾಂವ. ಒಂದಿನ ಮಾರಿಗೆ ಮಾರಿ ಕೊಟ್ಟು, "ರಾಗ ನಂದು, ತಾಲೀಮು ನಂದು. ಉಳದದ್ದು ಏನದ ಬೇ ನಿಂದು?" ಅಂದ.

ನನಗ ಪಿತ್ತ ನೆತ್ತಿಗೇರಿತು. ಜೇವರ್ಗಿ ಸನೇದ ಒಂದೂರಾಗ, ಆಟದ ದಿನ ಮಧ್ಯಾಹ್ನ, "ನನ್ನ ಹೆಸರು ಹೇಳೋ ತನಕ ಬಣ್ಣ ಹಚ್ಚಂಗಿಲ್ಲ" ಅಂತ ಕುಂತುಬಿಟ್ಟೆ. ಊರಿಗೆ ಊರೇ ಗಾಬರಿ. ಹಿರ್ಯಾರು ಚಾವಡ್ಯಾಗ ಕೂಡಿದ್ರು. ದಿನಾ ಮುಂಜಾನಿ ಅಂಗೈಯಾಗ ಲಿಂಗ ಹಿಡದು ಗಂಡು ಹೆಣ್ಣು ಒಂದೇ ಅನ್ನೋ ಮಂದಿ, ನ್ಯಾಯ ಹೇಳ್ತಾರ ಅಂದ್ಕೊಂಡೆ.

"ನೀನೇ ಬರದೀ ಅನ್ನಾಕ ಗುರ್ತು ಏನವ್ವಾ?" ಅಂತ ಅವರಾಗಿನ ಹಿರೇಗೌಡ ಕೇಳಿದ.

ನನ್ನ ಕೈಬರಹದ ವಹಿ ಮಾಸ್ತರನ ಮನ್ಯಾಗ ಎಂದೋ ಕಳದಿತ್ತಂತ; ನಾ ಎದ್ದು ನಿಂತು ನಾಟಕ ಹೇಳಾಕ ಸುರು ಮಾಡಿದೆ. ನನ್ನ ಪಾತ್ರ ಅಷ್ಟೇ ಅಲ್ಲ; ತಮ್ಮಂದಿರದು, ಸಾಹುಕಾರಂದು, ಕುಡುಕಂದು, ಎಲ್ಲಾರದೂ ಹೇಳಿದೆ. ಒಂದು ಅಂಕ ಮುಗಿಸಿ, "ಮುಂದಿಂದು ಕವಿಗಳು ಹೇಳ್ಲಿ" ಅಂದೆ. ಮಾಸ್ತರ ಎರಡು ಮಾತು ಹೇಳಿ ಮೂರನೇದಕ್ಕ ಕೆಮ್ಮಿದ. ಗೆದ್ದೆ ಅಂತ ತಿಳದೆ. ಎಂಥಾ ಹುಚ್ಚಿ ನಾ!

ಹಿರೇಗೌಡ ನಕ್ಕ. "ಬಾಯಿಪಾಠ ಮಾಡೋದು ನಿನ್ನ ಕಸಬೇ ಅದ ಅಲ್ಲವ್ವಾ. ಗಿಣೀಗೂ ಎಲ್ಲಾ ಬರ್ತದ, ಹಂಗಂತ ಪುರಾಣ ಗಿಣಿ ಬರೀತೇನು? ಕವಿ ಅನ್ನಾಂವ ಬರದು ಮರೀತಾನ. ನೆನಪು ಇರಂಗಿದ್ರ ಬರೀಬೇಕರೆ ಯಾಕ?" ಎಲ್ಲಾರೂ "ಹೌದ್ರಿ, ಖರೇ ಅದರಿ" ಅಂದ್ರು. ಹಿಂದಿನಿಂದ ಯಾರೋ, "ಕುಣಿಯಾಕ ಬಾರದಾಕಿ ನೆಲ ಡೊಂಕು ಅಂದ್ಳಂತ" ಅಂದ. ಹೊಳ್ಳಿ ನೋಡಿದೆ. ಹಿಂದಿನ ಸುಗ್ಗ್ಯಾಗ ರಂಗದ ಮ್ಯಾಲ ನಡುಗಿಕೋತ ನಿಂತಾಗ ನನ್ನಿಂದ ಮಾತು ಇಸ್ಕೊಂಡ ಭಾಡ್ಯಾನೇ ಅವ.

ಅವತ್ತು ಬಣ್ಣ ಹಚ್ಚಿದೆ. ಹಚ್ಚದೇ ಏನು ಮಾಡ್ಲಿ? ಒಂದೂರಾಗ ಆಟ ಕೆಡಿಸಿದಾಕಿನ್ನ ಇನ್ನೊಂದೂರಾವ್ರು ಕರಿಯಂಗಿಲ್ಲ, ಮನ್ಯಾಗ ನಮ್ಮವ್ವ ಹಾಸಿಗಿ ಹಿಡದಿದ್ಳು. ಮಂಗಳಕ್ಕ ಎಲ್ಲಾರ ನಡುವ ನಿಂತು ಅವನ ಹೆಸರು ಹಾಡಿದೆ. ಆಮ್ಯಾಲೂ ವರ್ಷಗಟ್ಟಲೆ ಹಾಡಿದೆ, ಕೈ ಮುಗದು, ನಕ್ಕೋತ. ಇನ್ನೊಂದು ನಾಟಕ ಮಾತ್ರ ಬರೀಲಿಲ್ಲ. ಬರದು ಯಾವ ಗಂಡಸಿನ ಹೆಸರಿಗೆ ಕೊಡ್ಲಿ?

ಮನಿ ಮನಿಗೆ ಟಿವಿ ಬಂತು, ಆಟ ಕಡಿಮಿ ಆದ್ವು, ನಾ ಅಕ್ಕನ ಪಾತ್ರ ಬಿಟ್ಟು ಮುದುಕಿ ಪಾತ್ರಕ್ಕ ಬಂದೆ. ತೊಂಬತ್ತರ ಮ್ಯಾಲ ಒಂದು ಬ್ಯಾಸಗ್ಯಾಗ ಮಾಸ್ತರ ಸತ್ತ. ಅಫಜಲಪುರದಾಗ ಅವನ ನೆನಪಿಗೆ ಸಭಾ ಇಟ್ರು. "ಅಕ್ಕೋರ, ಮಂಗಳದ ರಾಗ ನಿಮಗೇ ಬರೋಬ್ಬರಿ ಗೊತ್ತದ, ಬಂದು ಹಾಡಿ ಹೋಗ್ರಿ" ಅಂತ ಹೇಳಿ ಕಳಿಸಿದ್ರು. ಹೋಗಬಾರದು ಅಂದ್ಕೊಂಡೆ. ಆಮ್ಯಾಲ ಹೋಗ್ಲೇಬೇಕು ಅಂದ್ಕೊಂಡೆ. ಅಂಕಿತ ತಗೀತೇನಿ ಅಂದಾಂವ ತಗೀದೇ ಹೋದ; ಇನ್ನ ನಾನೇ ತಗೀತೇನಿ. ತುಂಬಿದ ಸಭಾದಾಗ ನನ್ನ ಹೆಸರು ಹಾಡ್ತೇನಿ, ಪಾಪ ಬಂದ್ರ ನನಗೇ ಬರ್ಲಿ. ಬಸ್ಸಿನ್ಯಾಗ ದಾರಿ ಉದ್ದಕ್ಕೂ ಅದನ್ನೇ ಗುನುಗಿದೆ.

ಮೈಕು ಕೈಗೆ ಬಂತು. ಮೊದಲಿನ ನುಡಿಗಳು ಹಾಡಿದೆ, ದನಿ ಮೊದಲಿನಂಗ ಇರದಿದ್ರೂ ಛಲೋ ಏರಿತು. ಕೊನೇ ನುಡಿ ಬಂತು. ಕಣ್ಣು ಮುಚ್ಚಿ ನನ್ನ ಹೆಸರು ನೆನಸ್ಕೊಂಡು ಬಾಯಿ ತಗದೆ. ಬಂದದ್ದು ಅವನ ಹೆಸರು. ಗುರು ಸಮೇತ, ಊರ ಸಮೇತ. ಹೊಳ್ಳಿ ಅದೇ ನುಡಿ ಎತ್ತಿದೆ. ಮತ್ತ ಅವನದೇ ಬಂತು. ನನ್ನ ನಾಲಗಿಗೆ ನನ್ನ ಹೆಸರಿನ ರೂಢೀನೇ ಇರ್ಲಿಲ್ಲ. ಪ್ರೀತೀಲೆ ಎರಡು ಸಲ ಹಾಡಿದ್ಳು ಅಂತ ತಿಳದು ಮಂದಿ ಚಪ್ಪಾಳಿ ಬಡದ್ರು.

ಕೆಳಗ ಇಳದಾಗ ಮಾಸ್ತರನ ಹೆಂಡತಿ ನನ್ನ ಎರಡೂ ಕೈ ಹಿಡದು ಅತ್ತಳು. "ಯಕ್ಕಾ, ನಿಮ್ಮ ಬಾಯಾಗ ಅವರು ಇನ್ನೂ ಜೀವಂತ ಇದ್ದಾರ ನೋಡ್ರಿ" ಅಂದ್ಳು.

"ಹೌದವ್ವಾ," ಅಂದೆ. "ಉಗುಳಿದ್ರೂ ಹೋಗವಲ್ರು."

ಆಕಿ ನನ್ನ ಕೈ ಬಿಟ್ಟಳು. ನಾ ಬಸ್‌ಸ್ಟ್ಯಾಂಡಿನ ದಾರಿ ಹಿಡದೆ.