ಟವೆಲ್ ಹಾಕಿದ ಸೀಟು

ಕುಣಿಗಲ್ಲಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ನನಗೆ ಐದಾರು ದೇಶಗಳಲ್ಲಿ ಪರಿಚಯದವರಿದ್ದರು. ತುಮಕೂರಿನ ನನ್ನ ಸ್ವಂತ ಬೀದಿಯಲ್ಲಿ ಮಾತ್ರ ಎರಡು ಮನೆ ಬಿಟ್ಟರೆ ಯಾರ ಪರಿಚಯವೂ ಇರಲಿಲ್ಲ. ಸಂಜೆ ಕುಣಿಗಲ್ ಬಸ್ಸಿನಿಂದ ಇಳಿದವನು ಮನೆಗೆ ಹೋಗುವ ಮೊದಲು ಬೇಕರಿಯೊಂದರ ಮಹಡಿಯ ಮೇಲಿದ್ದ ಸೈಬರ್ ಕೆಫೆ ಹತ್ತಿ ಒಂದು ಗಂಟೆ ಕೂರುತ್ತಿದ್ದೆ. ಕೆಳಗಿನಿಂದ ಬನ್ನಿನ ವಾಸನೆ ಬರುತ್ತಿತ್ತು. ಕೀಬೋರ್ಡಿನ ಅರ್ಧದಷ್ಟು ಅಕ್ಷರಗಳು ಸವೆದುಹೋಗಿದ್ದವು. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಇಸವಿಯ ವಿಷಯದಲ್ಲಿ ನನ್ನನ್ನು ನಂಬಬೇಡಿ. ಉಳಿದದ್ದನ್ನು ಎಷ್ಟು ನಂಬಬೇಕೆಂದು ಓದಿದ ಮೇಲೆ ನೀವೇ ತೀರ್ಮಾನಿಸಿ.

ನಾವು ಸೇರುತ್ತಿದ್ದದ್ದು ದಿನದ ಕಿರಿಕಿರಿಗಳನ್ನು ಹೇಳಿಕೊಳ್ಳುವುದಕ್ಕೆಂದೇ ಇದ್ದ ಒಂದು ಅಂತರಜಾಲ ತಾಣದಲ್ಲಿ. ಅಲ್ಲಿ ಖಾಯಂ ಇದ್ದವರು ಮೂವರು. ಜರ್ಮನಿಯ ಒಬ್ಬ ನಿವೃತ್ತ ಎಂಜಿನಿಯರ್, ಇಂಗ್ಲೆಂಡಿನಲ್ಲಿ ಅಂಚೆ ಹಂಚುವ ಒಬ್ಬ, ಫಿನ್ಲೆಂಡಿನಲ್ಲಿ ಗ್ರಂಥಾಲಯ ನೋಡಿಕೊಳ್ಳುವ ಒಬ್ಬ ಹೆಂಗಸು. ಜರ್ಮನಿಯವನಿಗೆ ರೈಲು ಮೂರು ನಿಮಿಷ ತಡವಾದರೆ ಕಿರಿಕಿರಿ. ಇಂಗ್ಲೆಂಡಿನವನಿಗೆ ಕ್ಯೂನಲ್ಲಿ ಹಿಂದಿನವನು ಹತ್ತಿರ ನಿಂತರೆ ಕಿರಿಕಿರಿ. ಫಿನ್ಲೆಂಡಿನಾಕೆಗೆ ಪಕ್ಕದ ಮನೆಯವನು ಮೆಟ್ಟಿಲಲ್ಲಿ ಒಂದೇ ದಿನ ಎರಡು ಸಲ ನಮಸ್ಕಾರ ಹೇಳಿದರೆ ಕಿರಿಕಿರಿ. ನಾನು ಸೇರಿದ ಮೊದಲ ವಾರವೇ ಇಂಗ್ಲೆಂಡಿನವನು, ನೀವು ಕೆಲಸಕ್ಕೆ ಹೋಗುವ ದಾರಿಯಲ್ಲಿ ಆನೆಗಳು ಅಡ್ಡ ಬರುತ್ತವೆಯೇ ಎಂದು ಕೇಳಿದ. ಆನೆಯಿಲ್ಲ, ಕುಣಿಗಲ್ಲಿನಲ್ಲಿ ಕುದುರೆ ಫಾರಂ ಇದೆ, ಆದರೂ ನಾನು ಬಸ್ಸಿನಲ್ಲೇ ಹೋಗುತ್ತೇನೆ ಎಂದು ಬರೆದೆ. ಅವನಿಗೆ ನಿರಾಸೆಯಾಗಿರಬೇಕು.

ಈ ಅಂಚೆಯವನು ವಿಚಿತ್ರ ಸುದ್ದಿಗಳ ಒಂದು ಪುಟವನ್ನೂ ನಡೆಸುತ್ತಿದ್ದ. ಎಲ್ಲೋ ಒಬ್ಬ ಸೈಕಲ್ ತಿಂದ, ಎಲ್ಲೋ ಒಂದು ಮೇಕೆ ಚುನಾವಣೆಗೆ ನಿಂತಿತು, ಈ ಜಾತಿಯವು. ನಾನು ಬಿಡುತ್ತಿರಲಿಲ್ಲ. ನೋಡಿದವರು ಯಾರು? ಪತ್ರಿಕೆಯವನಿಗೆ ಹೇಳಿದ್ದು ಯಾರು? ಹೇಳಿದವನು ಸ್ವತಃ ನೋಡಿದ್ದನೋ, ಕೇಳಿದ್ದನೋ? ಮೈಸೂರಿನಲ್ಲಿ ಎರಡು ವರ್ಷ ತತ್ವಶಾಸ್ತ್ರ ಓದಿ ನಾನು ಗಳಿಸಿದ ಗಟ್ಟಿ ಆಸ್ತಿ ಎಂದರೆ ಈ ಮೂರು ಪ್ರಶ್ನೆಗಳು. ಎಷ್ಟೋ ಸುದ್ದಿಗಳನ್ನು ಅವನ ಪುಟದಿಂದ ತೆಗೆಸಿದ್ದೇನೆ. ಅವರೆಲ್ಲ ನನ್ನನ್ನು ಆಧಾರದ ಇಲಾಖೆ ಎಂದು ಕರೆಯುತ್ತಿದ್ದರು. ನನಗೆ ಅದು ಇಷ್ಟವಾಗಿತ್ತು.

ಟವೆಲ್ಲಿನ ಜಗಳ ಶುರುವಾದದ್ದು ಒಂದು ಬೇಸಿಗೆಯಲ್ಲಿ. ಜರ್ಮನಿಯವರು ರಜೆಗೆ ಹೋದ ಕಡೆ ಬೆಳಗಾಗುತ್ತಲೇ ಎದ್ದು ಈಜುಕೊಳದ ಪಕ್ಕದ ಕುರ್ಚಿಗಳ ಮೇಲೆ ಟವೆಲ್ ಹಾಸಿ ಜಾಗ ಹಿಡಿಯುತ್ತಾರೆ, ಆಮೇಲೆ ನಿಧಾನವಾಗಿ ತಿಂಡಿ ತಿನ್ನಲು ಹೋಗುತ್ತಾರೆ ಎಂದು ಇಂಗ್ಲೆಂಡಿನವನು ದೂರಿದ. ತನ್ನ ಜನ್ಮದಲ್ಲಿ ಒಂದು ಸಲವೂ ಈಜುಕೊಳದ ಹತ್ತಿರ ಹೋಗದ ಎಂಜಿನಿಯರಿಗೆ ಬಹಳ ನೋವಾಯಿತು. ಮೂರು ದಿನ ಏನನ್ನೂ ಬರೆಯಲಿಲ್ಲ. ಅವನನ್ನು ಸಮಾಧಾನ ಮಾಡೋಣವೆಂದು ನಾನು ನಮ್ಮ ಬಸ್ಸುಗಳ ಕಾನೂನನ್ನು ವಿವರಿಸಿದೆ.

ಬಸ್ಸು ಸ್ಟ್ಯಾಂಡಿಗೆ ಬರುತ್ತಿದ್ದಂತೆ ಕಿಟಕಿಯಿಂದ ಒಳಗೆ ಟವೆಲ್ ಎಸೆಯಬೇಕು. ಟವೆಲ್ ಬಿದ್ದ ಸೀಟು ಟವೆಲ್ಲಿನವನದು. ಬಾಗಿಲಲ್ಲಿ ನೂಕಾಡಿ ಮೊದಲು ಹತ್ತಿದವನೂ ಅದರ ಪಕ್ಕದಲ್ಲಿ ನಿಲ್ಲಬೇಕೇ ಹೊರತು ಮುಟ್ಟುವಂತಿಲ್ಲ. ಟವೆಲ್ ಇಲ್ಲದವರು ಕರ್ಚೀಪು, ಪೇಪರು, ಟಿಫನ್ ಕ್ಯಾರಿಯರ್ ಹಾಕುತ್ತಾರೆ. ಒಂದು ಕಾಲಿನ ಚಪ್ಪಲಿ ಹಾಕಿ, ಇನ್ನೊಂದು ಕಾಲಿನದನ್ನು ಮೆಟ್ಟಿಕೊಂಡು ಹತ್ತಿದವರನ್ನೂ ಕಂಡಿದ್ದೇನೆ. ಯಾವ ಪುಸ್ತಕದಲ್ಲೂ ಬರೆದಿಲ್ಲದ ಈ ಕಾನೂನನ್ನು ಪಾಲಿಸಿದಷ್ಟು ಶಿಸ್ತಿನಿಂದ ನಮ್ಮವರು ಬೇರೆ ಯಾವುದನ್ನೂ ಪಾಲಿಸುವುದಿಲ್ಲ. ಹೀಗೆ ಬರೆಯುವಾಗ ಕೈಗೆ ಹುರುಪು ಬಂದು, ಗುಬ್ಬಿ ಬಸ್ ಸ್ಟ್ಯಾಂಡಿನ ಮಗುವಿನ ಕಥೆಯನ್ನೂ ಸೇರಿಸಿದೆ.

ಕಥೆ ಇಷ್ಟು. ತೊಂಬತ್ತರ ದಶಕದಲ್ಲಿ, ಎಂ.ಎ. ಮುಗಿಸಿ ಕೆಲಸವಿಲ್ಲದೆ ಇದ್ದಾಗ, ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಲ್ಲಿ ನಡೆದ ಗೆಳೆಯನ ನಿಶ್ಚಿತಾರ್ಥಕ್ಕೆ ಹೋಗಿದ್ದೆ. ವಾಪಸು ಬರುವಾಗ ಅವನೂ ನಾನೂ ಗುಬ್ಬಿಯಲ್ಲಿ ತುಮಕೂರಿನ ಖಾಸಗಿ ಬಸ್ಸು ಹತ್ತಿದೆವು. ಸಂತೆಯ ದಿನ, ಕಾಲಿಡಲು ಜಾಗವಿರಲಿಲ್ಲ. ನಾನು ಕಿಟಕಿಯ ಪಕ್ಕ ಕೂತಿದ್ದೆ. ಹೊರಗಿನಿಂದ ಒಬ್ಬಳು ತಾಯಿ, ಸೀಟು ಹಿಡಿಯುವುದಕ್ಕೆ ಬೇರೇನೂ ಸಿಗದೆ, ಸೊಂಟದ ಮೇಲಿದ್ದ ಮಗುವನ್ನೇ ಕಿಟಕಿಯಿಂದ ನನ್ನ ತೊಡೆಯ ಮೇಲೆ ಇಳಿಸಿದಳು. ಅವಳು ಬಾಗಿಲಿಗೆ ಬರುವಷ್ಟರಲ್ಲಿ ಬಸ್ಸು ಹೊರಟುಹೋಯಿತು. ಮಗುವಿನ ಕೆನ್ನೆಯಲ್ಲಿ ಕಾಡಿಗೆಯ ಬೊಟ್ಟು ಇತ್ತು. ಅದು ಅಳದೆ ನನ್ನ ಅಂಗಿಯ ಗುಂಡಿಯನ್ನು ಬಾಯಿಗೆ ಹಾಕಿಕೊಂಡಿತು. ಗುಂಡಿಯ ವಿಷಯವನ್ನು ಮಾತ್ರ ನಾನು ಬರೆಯಲಿಲ್ಲ, ಯಾರಿಗೂ ಹೇಳಿರಲಿಲ್ಲ. ಯಾಕೋ ಅದು ನನ್ನೊಬ್ಬನದೇ ಅನ್ನಿಸುತ್ತಿತ್ತು.

ಎಲ್ಲರಿಗೂ ಭಾರಿ ಖುಷಿಯಾಯಿತು. ಎಂಜಿನಿಯರ್ ಮೌನ ಮುರಿದು ಕಿಟಕಿಯ ಅಳತೆ ಕೇಳಿದ. ಮರುದಿನ ಕುಣಿಗಲ್ ಬಸ್ಸಿನಲ್ಲಿ ಗೇಣು ಹಾಕಿ ಅಳೆದು ಕಳಿಸಿದೆ. ಪಕ್ಕದಲ್ಲಿದ್ದವರು ನನ್ನನ್ನು ಬಸ್ ಬಾಡಿ ಕಟ್ಟುವವನೆಂದುಕೊಂಡರು. ಇಷ್ಟಗಲದಲ್ಲಿ ಮಗು ಧಾರಾಳವಾಗಿ ಹಿಡಿಸುತ್ತದೆ ಎಂದು ಅವನು ಒಪ್ಪಿಗೆ ಕೊಟ್ಟ. ಇಂಗ್ಲೆಂಡಿನವನು ಕಥೆಯನ್ನು ತನ್ನ ಪುಟಕ್ಕೆ ಏರಿಸಿ, ಭಾರತದಲ್ಲಿ ಸೀಟು ಕಾಯಲು ಮಕ್ಕಳನ್ನು ಎಸೆಯುತ್ತಾರೆ ಎಂದು ತಲೆಬರಹ ಕೊಟ್ಟ. ಎಸೆಯುತ್ತಾರೆ ಅಲ್ಲ, ಇಳಿಸಿದಳು, ಅದೂ ಒಬ್ಬಳೇ ಒಬ್ಬಳು ಎಂದು ತಿದ್ದಿದೆ. ಅವನು ತಿದ್ದಲಿಲ್ಲ.

ಆಗ ಫಿನ್ಲೆಂಡಿನಾಕೆ ಒಂದು ಸಾಲು ಬರೆದಳು. ತಾಯಿಗೆ ಮಗು ಹೇಗೆ ಸಿಕ್ಕಿತು?

ಉತ್ತರ ಟೈಪ್ ಮಾಡಲು ಹೋದವನು ಹಾಗೇ ಕೂತೆ. ಕಾಡಿಗೆಯ ಬೊಟ್ಟು ಕಾಣುತ್ತಿತ್ತು, ಗುಂಡಿ ಕಾಣುತ್ತಿತ್ತು, ಅದರಾಚೆಗೆ ಏನೂ ಇರಲಿಲ್ಲ. ತುಮಕೂರಿನಲ್ಲಿ ಇಳಿದಾಗ ನನ್ನ ಕೈಯಲ್ಲಿ ಮಗು ಇತ್ತೇ? ಯಾರಿಗೆ ಕೊಟ್ಟೆ? ಹತ್ತು ವರ್ಷ ಈ ಕಥೆಯನ್ನು ಹೇಳಿಕೊಂಡು ನಗಿಸಿದ್ದೇನೆ, ಒಬ್ಬರೂ ಇದನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ತಾಯಿ ಮುಂದಿನ ಬಸ್ಸಿನಲ್ಲಿ ಬಂದಳು, ಕೊಟ್ಟೆ ಎಂದು ಬರೆದೆ. ಅದು ಸುಳ್ಳು. ಸುಳ್ಳೋ ನಿಜವೋ ನನಗೇ ಗೊತ್ತಿರಲಿಲ್ಲ ಎನ್ನುವುದು ಹೆಚ್ಚು ಸರಿ.

ಆಕೆ ಕೇಳಿದಳು: ನೀವು ನೋಡಿದಿರಾ?

ಅದು ನನ್ನದೇ ಪ್ರಶ್ನೆ. ಲಾಗೌಟ್ ಆಗಿ ಕೆಳಗಿಳಿದೆ. ಛತ್ರಿಯನ್ನು ಮೇಲೆಯೇ ಬಿಟ್ಟಿದ್ದೆ.

ಮುಂದಿನ ದಿನಗಳಲ್ಲಿ ಬಸ್ಸಿನಲ್ಲಿ ಕೂತು ತರ್ಕ ಮಾಡಿದೆ. ಪೊಲೀಸ್ ಸ್ಟೇಷನ್ನಿಗೆ ಹೋಗಿದ್ದರೆ ನೆನಪಿರುತ್ತಿತ್ತು. ಕಂಡಕ್ಟರ್ ಕೈಗೆ ಕೊಟ್ಟಿದ್ದರೆ? ಕೊಟ್ಟು, ನನ್ನ ಕೆಲಸ ಮುಗಿಯಿತೆಂದು ಮನೆಗೆ ನಡೆದಿದ್ದರೆ? ಆ ವಯಸ್ಸಿನ ನಾನು ಅಂಥದ್ದಕ್ಕೆ ಹೇಸುವವನಲ್ಲ. ಆ ಮಗುವಿಗೆ ಈಗ ಹತ್ತು ಹನ್ನೊಂದು ವರ್ಷವಾಗಿರಬೇಕು. ಸ್ಕೂಲಿನ ಮಕ್ಕಳು ಬಸ್ಸು ಹತ್ತಿದಾಗ ಒಬ್ಬೊಬ್ಬರ ಕೆನ್ನೆಯನ್ನೂ ನೋಡತೊಡಗಿದೆ. ಹತ್ತು ವರ್ಷದ ಮಗುವಿನ ಕೆನ್ನೆಯಲ್ಲಿ ಬೊಟ್ಟು ಹುಡುಕುವುದು ಎಂಥ ಸಾಕ್ಷ್ಯಶೋಧನೆಯೋ! ನನಗೆ ಬೇಕಾಗಿದ್ದದ್ದು ಒಂದೇ. ಆ ಮಗು ತನ್ನ ತಾಯಿಯ ಕೈ ಸೇರಿತು ಎಂದು ಕಣ್ಣಾರೆ ಕಂಡ ಒಬ್ಬ ಮನುಷ್ಯ.

ಅಂಥವನು ಒಬ್ಬನಿದ್ದ. ಭಾನುವಾರ ಗುಬ್ಬಿಗೆ ಹೋದೆ. ನಿಶ್ಚಿತಾರ್ಥದ ಗೆಳೆಯ ಈಗ ಅಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡಿದ್ದ. ರಾಶಿಯ ಪಕ್ಕ ಕೂತು ಕೆಟ್ಟ ಕೊಬ್ಬರಿ ಆರಿಸುತ್ತಿದ್ದ.

"ಏನ್ಲಾ ಮೇಷ್ಟ್ರೇ, ದಾರಿ ತಪ್ಪಿ ಬಂದ್ಯಾ?" ಎಂದು ಒಂದು ಕೊಬ್ಬರಿ ಬಟ್ಟಲು ಒಡೆದು ಕೈಗಿಟ್ಟ.

"ನಿನ್ ನಿಶ್ಚಿತಾರ್ಥ ಮುಗಿಸ್ಕೊಂಡು ಬಸ್ಸಲ್ಲಿ ಹೋದ್ವಲ್ಲ, ಕಿಟಕೀಲಿ ಒಂದು ಮಗು ಕೊಟ್ರಲ್ಲ, ನೆನಪಿದೆಯಾ?"

"ಅಯ್ಯೋ, ಅದುನ್ನ ಮರೀತೀನಾ? ನನ್ನೆಂಡ್ತಿಗೆ ಎಷ್ಟು ಸಲ ಹೇಳಿವ್ನಿ ನೀನ್ ಮಾಡಿದ್ ಘನಂದಾರಿ ಕೆಲ್ಸವ."

"ನಾನೇನ್ ಮಾಡ್ದೆ? ಮಗು ಹಿಡ್ಕೊಂಡೆ."

"ಹಿಡ್ಕಂಡ್ನಂತೆ! ಅದಕ್ ಮೊದ್ಲು ಏನ್ ಮಾಡ್ದೆ, ಅದುನ್ನೇಳು."

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಆ ಯಮ್ಮ ಸೀಟಿಗೆ ಟವೆಲ್ ಹಾಕಿದ್ಲು ಕಣೋ. ನೀನು ಅದುನ್ನ ಎತ್ತಿ ಮ್ಯಾಲ್ಗಡೆ ಮಡಗಿ ಕೂತ್ಕಂಡೆ. ಬ್ಯಾಡ ಬುಡ್ಲಾ ಅಂದೆ ನಾನು. ಕೇಳ್ತೀಯಾ? ಮೈಸೂರಿಂದ ಆಗ್ತಾನೆ ಓದ್ಕಂಡು ಬಂದಿದ್ದೆ. ಬಟ್ಟೆಗೆ ಯಾವ ಹಕ್ಕು, ಕೂತವನದೇ ಸೀಟು ಅಂತ ಬಸ್ನೋರ್ಗೆಲ್ಲ ಭಾಷಣ ಹೊಡ್ದೆ. ಯಮ್ಮ ಕಿಟಕಿ ತಾವ ಬಂದು, ಏಳಪ್ಪ ನಂದು ಅಂದ್ಲು. ಇಲ್ಲಿ ಯಾರು ಕೂತಿದ್ರು ತೋರ್ಸಮ್ಮ, ಬರೀ ಬಟ್ಟೆ ಇತ್ತು ಅಂದೆ ನೀನು."

"ನಾನು ಹಂಗಂದ್ನಾ?"

"ಹಂಗೇ ಅಂದೆ. ಆವಾಗ ಅವಳು ಮಗು ಎತ್ತಿ ನಿನ್ ತೊಡೆ ಮ್ಯಾಲೆ ಕೂರ್ಸಿ, 'ತಗಾ, ಈಗ ಆಳು ಕೂತದೆ. ಇದುನ್ನೂ ಎತ್ತಿ ಮ್ಯಾಲ್ ಮಡಗು, ನೋಡಾನ' ಅಂದ್ಲು. ಇಡೀ ಬಸ್ಸು ನಕ್ತು. ನೀನು ಬೆಪ್ಪಾಗಿ ಕೂತಿದ್ದೆ, ಮಗು ನಿನ್ ಅಂಗಿ ಗುಂಡಿ ಚೀಪ್ತಾ ಇತ್ತು."

ಗುಂಡಿ! ನಾನು ಯಾರಿಗೂ ಹೇಳದ ಗುಂಡಿ ಅವನ ಬಾಯಲ್ಲಿ ಬಂತು. ಅಂದಮೇಲೆ ಅವನು ನೋಡಿದ್ದು ದಿಟ.

"ಆಮೇಲೆ ಬಸ್ಸು ಹೊರಟುಹೋಯ್ತಲ್ಲ. ಅವಳು ಹತ್ತಲಿಲ್ಲವಲ್ಲ."

ಗೆಳೆಯ ಕೈಯಲ್ಲಿದ್ದ ಕೊಬ್ಬರಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ. "ಎಲ್ಲಿಗ್ಲಾ ಹೋಯ್ತದೆ? ನೀನೇನ್ ಗುಬ್ಬಿ ಬಸ್ಸು ಹತ್ತೇ ಇಲ್ವಾ? ಪ್ರೈವೇಟ್ ಬಸ್ಸು ಸ್ಟ್ಯಾಂಡ್ ಬುಟ್ಟು ಯಾವತ್ ಹೋಗ್ಯದೆ? ಟೈಮಾಯ್ತು ಅಂತ ಸ್ಟ್ಯಾಂಡಿಂದ ಬಸ್ಸು ಎಬ್ಬುಸ್ತಾರೆ, ಆ ತಿರುವಿನಲ್ಲಿ ನಿಲ್ಲುಸ್ಕಂಡು ಇನ್ನೊಂದ್ ಹತ್ ನಿಮ್ಷ ಹಾರ್ನ್ ಹೊಡೀತಾರೆ. ಅವಳು ಆರಾಮಾಗಿ ನಡ್ಕಂಡ್ ಬಂದು ಹತ್ತಿದ್ಲು. ಮಗೀನ್ ಈಸ್ಕಂಡು, ಏಳಪ್ಪ ಅಂದ್ಲು. ಎದ್ದೆ. ನೀನು ತುಮಕೂರ್ ಗಂಟ ನಿಂತ್ಕಂಡ್ ಬಂದೆ. ನಾನ್ ಜಾಗ ಕೊಡ್ತೀನಿ ಅಂದ್ರೂ ಬ್ಯಾಡ ಅಂದೆ, ಸಿಟ್ಟು."

ನಮ್ಮ ಸೀಮೆಯಲ್ಲಿ ಬಸ್ಸು ಹೊರಡುವುದೆಂದರೆ ಇಪ್ಪತ್ತು ಮಾರು ಮುಂದೆ ಹೋಗಿ ನಿಲ್ಲುವುದು ಎಂದು ಪ್ರತಿದಿನ ಕುಣಿಗಲ್ಲಿಗೆ ಓಡಾಡುವ ನನಗೆ ಗೊತ್ತಿರಲಿಲ್ಲವೇ? ಆ ಕಿರಿಕಿರಿಯನ್ನು ನಾನೇ ತಾಣದಲ್ಲಿ ಎಷ್ಟು ಸಲ ಬರೆದಿದ್ದೆ. ಸೈಕಲ್ ತಿಂದವನನ್ನು ಅಡ್ಡ ಪ್ರಶ್ನೆ ಹಾಕಿ ಓಡಿಸಿದ ಮನುಷ್ಯ, ಗುಬ್ಬಿಯ ಬಸ್ಸೊಂದು ಜನರನ್ನು ಬಿಟ್ಟು ಓಡಿತೆಂಬ ಮಾತನ್ನು ಹತ್ತು ವರ್ಷ ನಂಬಿದ್ದ. ಆ ಓಟ ಕಥೆಗೆ ಬೇಕಿತ್ತು. ಬಸ್ಸು ಓಡಿದರೆ ನಾನು ಮಗು ಕಾಪಾಡಿದವನು. ನಿಂತರೆ ಟವೆಲ್ ಎತ್ತಿದವನು.

"ಮಗು ಸಿಕ್ತು ತಾನೆ?" ಎಂದು ಇನ್ನೊಮ್ಮೆ ಕೇಳಿದೆ.

"ಸಿಕ್ತು ಕಣೋ. ನಿನ್ ಗುಂಡಿ ಬುಡ್ಸಕ್ಕೇ ಕಷ್ಟ ಆಗಿದ್ದು."

ವಾಪಸು ಹೋಗುವಾಗ ಖಾಸಗಿ ಬಸ್ಸನ್ನೇ ಹತ್ತಿದೆ. ಸೀಟು ಇರಲಿಲ್ಲ. ಇದ್ದ ಒಂದರ ಮೇಲೆ ಕೆಂಪು ಗೆರೆಯ ಟವೆಲ್ ಬಿದ್ದಿತ್ತು. ಬಸ್ಸು ಹೊರಟು, ತಿರುವಿನಲ್ಲಿ ನಿಂತಿತು. ಗಡಿಯಾರ ನೋಡಿದೆ. ಒಂಬತ್ತು ನಿಮಿಷ. ಟವೆಲ್ಲಿನವನು ಬೀಡಿ ಎಸೆದು ಹತ್ತಿ ಬಂದು ಕೂತ. ನಾನು ನಿಂತೇ ತುಮಕೂರು ಮುಟ್ಟಿದೆ. ಆ ದಿನ ನಿಂತು ಬಂದದ್ದು ಆಗಲಾದರೂ ನೆನಪಾಗಬಹುದೆಂದು ಕಾದೆ. ಆಗಲಿಲ್ಲ. ಈಗಲೂ ಇಲ್ಲ. ಆದರೂ ಅದು ನಡೆಯಿತೆಂದು ಒಪ್ಪಿಕೊಂಡಿದ್ದೇನೆ. ನನ್ನ ನೆನಪಿಗಿಂತ ಗೆಳೆಯನ ಗುಂಡಿ ಗಟ್ಟಿ ಸಾಕ್ಷಿ.

ಮರುದಿನ ಸಂಜೆ ಕೆಫೆಯವನು ಛತ್ರಿ ತೆಗೆದಿಟ್ಟಿದ್ದ. ಕೂತು ಎಲ್ಲವನ್ನೂ ಬರೆದೆ. ಮುಂದಿನ ಬಸ್ಸು ಎಂದದ್ದು ಸುಳ್ಳು ಎಂಬುದನ್ನೂ ಬರೆದೆ. ಎಂಜಿನಿಯರ್, ಟವೆಲ್ ಎತ್ತಿದವನು ಇಂಗ್ಲೆಂಡಿನಲ್ಲಿ ಹುಟ್ಟಿದ್ದರೆ ಪ್ರತಿಮೆ ನಿಲ್ಲಿಸುತ್ತಿದ್ದರು ಎಂದ. ಇಂಗ್ಲೆಂಡಿನವನು ಸುದ್ದಿಯನ್ನು ತೆಗೆಯಲಿಲ್ಲ, ತಲೆಬರಹ ಮಾತ್ರ ಬದಲಿಸಿದ: ವಿಶ್ವವಿದ್ಯಾಲಯದಲ್ಲಿ ಓದಿದವನು ಹಸುಗೂಸಿನ ಎದುರು ವಾದದಲ್ಲಿ ಸೋತ. ಅದರಲ್ಲಿ ತಿದ್ದುವುದೇನೂ ಇರಲಿಲ್ಲ.

ಫಿನ್ಲೆಂಡಿನಾಕೆ ಎರಡು ದಿನ ಬಿಟ್ಟು ಬರೆದಳು: ಮಗು ಸಿಕ್ಕಿತು, ಅಷ್ಟು ಸಾಕು. ನೋಡಿದ ಆ ಗೆಳೆಯನಿಗೆ ನನ್ನ ನಮಸ್ಕಾರ ತಿಳಿಸಿ. ದಿನಕ್ಕೆರಡು ನಮಸ್ಕಾರ ಹೆಚ್ಚೆನ್ನುವ ಅವರ ಕಡೆಯ ಒಂದು ನಮಸ್ಕಾರದ ಬೆಲೆ ನನಗೆ ಗೊತ್ತಿತ್ತು. ಅಲ್ಲೇ ಕೆಳಗಿನ ಕಾಯಿನ್ ಬೂತಿನಿಂದ ಮಂಡಿಗೆ ಫೋನ್ ಮಾಡಿ ಗೆಳೆಯನಿಗೆ ತಿಳಿಸಿದೆ.

"ಎಲ್ಲಿಯೋಳ್ಲಾ ಅವಳು?" ಎಂದ.

"ಫಿನ್ಲೆಂಡು."

"ಅಲ್ಲೂ ಟವೆಲ್ ಹಾಕ್ತಾರಾ?"

"ಇಲ್ಲ. ಅಲ್ಲಿ ಒಬ್ಬರ ಪಕ್ಕ ಒಬ್ಬರು ಕೂರೋದೇ ಇಲ್ಲ," ಎಂದೆ. ಹೇಳಿದ ಮೇಲೆ ಇದಕ್ಕೂ ನನ್ನ ಹತ್ತಿರ ಆಧಾರವಿಲ್ಲವಲ್ಲ ಎಂದು ಹೊಳೆಯಿತು. ಅವನು ಅಷ್ಟರಲ್ಲೇ ನಂಬಿಬಿಟ್ಟಿದ್ದ.

"ಹಂಗಾದ್ರೆ ಅರ್ಧ ಬಸ್ಸು ಖಾಲೀನೇ ಹೋಯ್ತದೆ ಅನ್ನು. ಪಾಪ, ಕಂಡಕ್ಟ್ರು."