ಅಪ್ಪನ ಕಾಲು ಮತ್ತು ಮೂರೂರ ಡಾಕ್ಟರುಗಳ ಸಭೆ

ನಮ್ಮಪ್ಪ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ. ಒಬ್ಬ ಖರೀದಿದಾರ ಹೇಳಿದ ದರವನ್ನು ಇನ್ನೊಬ್ಬನ ಕಿವಿಗೆ ಹಾಕಬಾರದು ಎನ್ನುವುದು ಅವನ ಕಸುಬಿನ ಧರ್ಮ. ಇಬ್ಬರೂ ತಾವಾಗಿಯೇ ಒಂದೇ ದರ ಹೇಳಿದರೆ ಅದೇ ಖರೇ ದರ. ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರುಗಳನ್ನೂ ಅದೇ ತಕ್ಕಡಿಗೆ ಹಾಕಿದ. ಸಕ್ಕರೆಗೆ ರಾಣೆಬೆನ್ನೂರಿನ ಒಂದು ಖಾಸಗಿ ಆಸ್ಪತ್ರೆ, ಅಂಗಾಲಿನ ಹುಣ್ಣಿಗೆ ಬ್ಯಾಡಗಿಯಲ್ಲೇ ಒಂದು, ಕಾಲಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲವೆಂದು ಹಾವೇರಿಯಲ್ಲಿ ಇನ್ನೊಂದು. ಒಂದು ಕಡೆಯ ಮಾತನ್ನು ಇನ್ನೊಂದು ಕಡೆ ಎತ್ತುತ್ತಿರಲಿಲ್ಲ. ನಾನು ಬಾಯಿ ತೆರೆದರೆ ಮೊಣಕೈಯಿಂದ ತಿವಿಯುತ್ತಿದ್ದ.

"ಸುಮ್ನ ಕುಂದರು. ಅವರ ಏನ್ ಹೇಳ್ತಾರ ನೋಡೂಣು."

ಡಾಕ್ಟರುಗಳೂ ಕೇಳುತ್ತಿರಲಿಲ್ಲ. ಪಕ್ಕದೂರಿನ ಆಸ್ಪತ್ರೆಯ ಹೆಸರೆತ್ತುವುದೇ ಅವರಿಗೆ ಮರ್ಯಾದೆಗೆ ಕುಂದು. ಹೀಗೆ ಬಾಯಿ ಮುಚ್ಚಿಕೊಂಡವರ ನಡುವೆ ಹುಣ್ಣು ಮಾತ್ರ ತನ್ನ ಪಾಡಿಗೆ ಬೆಳೆಯಿತು.

ಅಷ್ಟರಲ್ಲಿ ಆ ಮೂರೂ ಆಸ್ಪತ್ರೆಯವರಿಗೆ ಬುದ್ಧಿ ಬಂತು. ತಿಂಗಳಿಗೊಮ್ಮೆ ಕೂಡಿ, ಒಬ್ಬ ರೋಗಿಯನ್ನು ಮುಂದಿಟ್ಟುಕೊಂಡು, ಒಬ್ಬರಿಂದೊಬ್ಬರು ಕಲಿಯುವುದೆಂದು ಗೊತ್ತುಮಾಡಿದರು. ಒಳ್ಳೆಯ ಯೋಚನೆ, ಇಲ್ಲವೆನ್ನುವುದಿಲ್ಲ. ಮೊದಲ ಸಭೆಗೆ ರೋಗಿ ಬೇಕಿತ್ತು. ಸಭೆಗೆ ನಾಲ್ಕು ದಿನ ಮೊದಲು, ಭಾನುವಾರ, ಅಪ್ಪನ ಕಾಲಿನ ಕಿರುಬೆರಳು ಕಪ್ಪಗಾಯಿತು.

ಅವತ್ತೇ ಓಡಿದೆವು. ಬ್ಯಾಡಗಿಯ ಡಾಕ್ಟರು ನೋಡಿ ಬಹಳ ಉತ್ಸಾಹದಿಂದ ಹೇಳಿದರು: "ಗುರುವಾರ ಹಾವೇರ್‍ಯಾಗ ನಮ್ಮ ಸಭಾ ಐತ್ರಿ. ಮೂರೂ ಕಡಿ ಡಾಕ್ಟರು ಕೂಡೇ ನೋಡ್ತೇವಿ. ಅಲ್ಲೀತನಕಾ ತಡೀರಿ."

ಮಂಗಳವಾರ ಕಪ್ಪು ಪಕ್ಕದ ಬೆರಳಿಗೆ ದಾಟಿತು. ಫೋನ್ ಮಾಡಿದೆ. "ನಾಡಿದ್ದ ಬಂತಲ್ರಿ ಸಭಾ" ಎಂದರು.

ಸಭೆಯಲ್ಲಿ ದೀಪ ಹಚ್ಚಿದರು, ಪ್ರಾರ್ಥನೆ ಹಾಡಿದರು, ಒಬ್ಬರಿಗೊಬ್ಬರು ಶಾಲು ಹೊದಿಸಿದರು. ಅಪ್ಪನನ್ನು ಮುಂದೆ ಕೂರಿಸಿ, ಅವನ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಇರಿಸಿದ್ದರು. ಬಾಗಿಲು ಮುಚ್ಚಿದ ಏಸಿ ಕೋಣೆ. ಹುಣ್ಣಿನ ನಾತಕ್ಕೆ ಮೂಗು ಮುಚ್ಚಿಕೊಂಡವರು ಚಪ್ಪಾಳೆ ತಟ್ಟಲು ಮಾತ್ರ ಕೈ ತೆಗೆಯುತ್ತಿದ್ದರು. ಕಾಲು ಎದುರಿಗೇ ಇದ್ದರೂ ಪರದೆಯ ಮೇಲೆ ಅದರ ಫೋಟೊ ನೋಡುತ್ತಿದ್ದರು.

ರಾಣೆಬೆನ್ನೂರಿನ ಡಾಕ್ಟರು ಕೇಳಿದರು: "ಯಜಮಾನ್ರ, ಹಾವೇರ್‍ಯಾಗ ತೋರಿಸಾಕತ್ತೇನಿ ಅಂತ ನಮಗ ಯಾಕ ಹೇಳಲಿಲ್ರಿ?"

"ನೀವ್ ಕೇಳಲಿಲ್ಲಲ್ರಿ" ಎಂದ ಅಪ್ಪ.

ಸಭೆ ಗೊಳ್ಳೆಂದು ನಕ್ಕಿತು. ಒಬ್ಬರು ಎದ್ದು ಬಿಳಿ ಹಲಗೆಯ ಮೇಲೆ 'ಕೇಳಬೇಕು' ಎಂದು ಬರೆದರು. ತಾನು ಗೆದ್ದೆನೆಂದು ಅಪ್ಪನೂ ನಕ್ಕ. ನನಗೆ ಮೈ ಉರಿಯಿತು.

ಊಟವಾದ ಮೇಲೆ ತೀರ್ಮಾನ ಹೇಳಿದರು. ಮೊಣಕಾಲ ಕೆಳಗೆ ಕತ್ತರಿಸಬೇಕು. ಬೆರಳು ಕಪ್ಪಗಾದ ದಿನವೇ ಬಂದಿದ್ದರೆ ಬೆರಳಷ್ಟರಲ್ಲೇ ಮುಗಿಯುತ್ತಿತ್ತು ಎಂದರು ಹಾವೇರಿಯವರು.

"ಅವತ್ತ ಬಂದಿದ್ವಿ!" ಎಂದು ಕಿರುಚಿದೆ. "ಸಭಾತನಕಾ ತಡೀರಿ ಅಂದಾವ್ರು ನೀವ!"

ಬ್ಯಾಡಗಿಯ ಡಾಕ್ಟರು ತಲೆ ತಗ್ಗಿಸಿದರು. "ಖರೇ ಅಕ್ಕಾರ. ಇನ್ನ ಮುಂದ ಸಭಾ ಅಂತ ಯಾರನ್ನೂ ತಡಿಯೂದಿಲ್ಲ. ಅದನ್ನೂ ಇವತ್ತ ಕಲತ್ವಿ."

ಅದನ್ನೂ ಹಲಗೆಯ ಮೇಲೆ ಬರೆದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಮರುದಿನ ಕಾಲು ತೆಗೆದರು.

ಅವರು ನಿಜವಾಗಿಯೂ ಕಲಿತರು, ಅದೇ ನನ್ನ ಸಂಕಟ. ಈಗ ಮೂರೂ ಊರಿನವರು ಫೋನಿನಲ್ಲೇ ಮಾತಾಡಿಕೊಳ್ಳುತ್ತಾರೆ. ಅಪ್ಪನ ಗಾಯ ತೋರಿಸಲು ಹೋದಾಗ ಬ್ಯಾಡಗಿಯ ಡಾಕ್ಟರು ಮುಖ ಅರಳಿಸಿಕೊಂಡು ಸುದ್ದಿ ಹೇಳಿದರು. ಗುತ್ತಲ ಊರಿನವನೊಬ್ಬ ಕಪ್ಪು ಬೆರಳು ಹೊತ್ತು ಬಂದಿದ್ದನಂತೆ. ಆಗಿಂದಾಗಲೇ ಹಾವೇರಿಗೆ ಕಳಿಸಿದರಂತೆ. ಬೆರಳು ಹೋಯಿತು, ಕಾಲು ಉಳಿಯಿತು.

"ಎಲ್ಲಾ ನಿಮ್ಮ ಪುಣ್ಯಾರೀ, ಯಜಮಾನ್ರ."

ಅಪ್ಪ ಅವರಿಗೆ ಕೈ ಮುಗಿದ. ಆಟೋ ಮನೆ ಹತ್ತಿರ ಬಂದಾಗ ನನ್ನ ಕಡೆ ತಿರುಗಿದ.

"ಗುತ್ತಲದ ಆ ಮಗಾ ನನಕಿಂತ ಮೊದಲ ಯಾಕ ಜಡ್ಡ ಬೀಳಲಿಲ್ಲ?"

ಹಾಗೆಲ್ಲ ಅನ್ನಬಾರದಪ್ಪಾ ಎನ್ನಬೇಕಿತ್ತು. ಆದರೆ ಡಾಕ್ಟರು ಸುದ್ದಿ ಹೇಳಿದಾಗಿನಿಂದ ನಾನೂ ಅದನ್ನೇ ಯೋಚಿಸುತ್ತಿದ್ದೆ.